ಮುದಕಮ್ಮನ ಮಗಳ ಹೊಟ್ಟೆ

ಯಲಬುರ್ಗಾದಿಂದ ಕೊಪ್ಪಳಕ್ಕೆ ಹೊರಟಿದ್ದ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಹುಲಿಗವ್ವ ಟಿಕೆಟ್ ಮಷಿನ್ನಿನಿಂದ ಒಬ್ಬ ಪ್ರಯಾಣಿಕನ ಮೂಗು ಒಡೆದಳು. ಕೈತಪ್ಪಿ ತಗುಲಿದ್ದಲ್ಲ, ಗುರಿಯಿಟ್ಟು ಬಾರಿಸಿದ್ದು. ಅವನ ಬಿಳಿ ಅಂಗಿಯ ಮುಂಭಾಗವೆಲ್ಲ ಕೆಂಪಾಯಿತು. ಪಕ್ಕದಲ್ಲಿದ್ದ ಮುದುಕಿ ತನ್ನ ಬುತ್ತಿ ಗಂಟನ್ನು ಎದೆಗವುಚಿಕೊಂಡು ಕಿಟಕಿಗೆ ಸರಿದಳು.

ಅವನು ಮಾಡಿದ್ದೇನೆಂದರೆ, ಕಂಬಕ್ಕೆ ಬೆನ್ನು ಒತ್ತಿ, ಮುಷ್ಟಿಯಿಂದ ಕಿಬ್ಬೊಟ್ಟೆ ಅಮುಕಿಕೊಂಡು ನಿಂತಿದ್ದ ಅವಳನ್ನು ನೋಡಿ ಗೆಳೆಯನಿಗೆ ಕಣ್ಣು ಹೊಡೆದು, "ಏನವಾ, ಎಷ್ಟನೇ ತಿಂಗಳು?" ಎಂದು ಕೇಳಿದ್ದು. ಮದುವೆಯಾಗಿ ಇಷ್ಟು ವರ್ಷವಾದರೂ ಮಡಿಲು ತುಂಬದ ಹೆಂಗಸಿಗೆ ಕೇಳುವ ಮಾತೇ ಇದು? ಮೂಗು ಒಡೆದದ್ದು ಕಡಿಮೆಯಾಯಿತು ಎಂದು ನನಗನ್ನಿಸುತ್ತದೆ.

ಡ್ರೈವರ್ ಬಾಬಾಸಾಬ ಬಸ್ಸು ನಿಲ್ಲಿಸಿ ಹಿಂದೆ ಬಂದ. ಹೆಗಲ ಮೇಲಿನ ಟವೆಲ್ಲನ್ನು ಆ ಮನುಷ್ಯನ ಮೂಗಿಗೆ ಒತ್ತಿ, "ತಪ್ಪಾತು ಅನ್ರಿ," ಎಂದ.

"ಯಾರು? ಆಕೀನಾ?"

"ಅಲ್ರಿ, ನೀವು."

ಆದರೆ ತಪ್ಪೊಪ್ಪಿಗೆ ಕೇಳಲು ಹುಲಿಗವ್ವ ನಿಂತಿರಲಿಲ್ಲ. ಎರಡು ಸೀಟುಗಳ ನಡುವೆ ಮಡಚಿಕೊಂಡು ಬಿದ್ದು, ಬಸ್ಸಿನ ತಗಡಿನ ನೆಲವನ್ನು ಉಗುರಿನಿಂದ ಗೀರುತ್ತಿದ್ದಳು. ಬಾಬಾಸಾಬ ಓಡಿಹೋಗಿ ಸ್ಟೇರಿಂಗ್ ಹಿಡಿದು, ಜನರಿದ್ದಂತೆಯೇ ಬಸ್ಸನ್ನು ಕೊಪ್ಪಳದ ಆಸ್ಪತ್ರೆಯ ಅಂಗಳಕ್ಕೆ ನುಗ್ಗಿಸಿದ. ಗಾಯಾಳುಗಳು ಇಬ್ಬರಿದ್ದುದರಿಂದ ಯಾರೂ ತಕರಾರು ಮಾಡಲಿಲ್ಲ.

ಆಸ್ಪತ್ರೆಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಖಾಕಿ ಸೀರೆಯ ಸೆರಗು ಸರಿಸಿ ಹೊಟ್ಟೆ ನೋಡಿದವಳೇ ಕೈ ಹಿಂದಕ್ಕೆಳೆದುಕೊಂಡಳು. ಹೊಕ್ಕಳಿನ ಕೆಳಗೆ ಮೂರು ಬರೆಗಳು. ಒಂದೊಂದೂ ಕಿರುಬೆರಳಿನಷ್ಟು ಉದ್ದ, ಹೊಳೆಯುವ ಸತ್ತ ಚರ್ಮ. ಮೂರನೆಯದು ಮಾತ್ರ ಕೀವಾಗಿ ಮಾಯ್ದಿದ್ದರಿಂದ ಸೊಟ್ಟಗಿತ್ತು.

"ಇದೇನ್ರಿ ಇದು? ಯಾರು ಹಿಂಗ್ ಮಾಡಿದ್ದು?"

"ನಮ್ಮವ್ವ," ಎಂದಳು ಹುಲಿಗವ್ವ. "ಪ್ರೀತೀಲೆ ಹಾಕ್ಯಾಳ್ರಿ, ಸಿಟ್ಟೀಲೆ ಅಲ್ಲ."

ಅದು ನಿಜವೇ. ನವಲಿ ಕಡೆಯ ಗದ್ದೆಗಳ ನಡುವಿನ ಒಂದು ಸಣ್ಣ ಊರಿನಲ್ಲಿ ಹುಲಿಗವ್ವನ ತಾಯಿ ಮುದಕಮ್ಮನದು ದೊಡ್ಡ ಹೆಸರು. ಹೊಟ್ಟೆನೋವು, ಕಾಮಾಲೆ, ಕೂಸುಗಳ ಸೆಳವು ಯಾವುದಕ್ಕೂ ಮುದಕಮ್ಮನ ಬರೆಯೇ ಮದ್ದು. ಅಮಾವಾಸ್ಯೆ ಬಂತೆಂದರೆ ಅವಳ ಅಂಗಳದ ಮುಂದೆ ಟಂಟಂ ಗಾಡಿಗಳು ಸಾಲುಗಟ್ಟುತ್ತಿದ್ದವು. ಅವಳು ಒಂದು ತೆಂಗಿನಕಾಯಿ ಬಿಟ್ಟರೆ ಯಾರ ಕೈಯಿಂದಲೂ ಏನನ್ನೂ ಮುಟ್ಟುತ್ತಿರಲಿಲ್ಲ. ಸಗಣಿ ಕುಳ್ಳಿನ ಬೆಂಕಿಯಲ್ಲಿ ಕುಡಗೋಲಿನ ತುದಿಯನ್ನು ಕೆಂಪಗೆ ಕಾಯಿಸಿ, ಬಾಯಲ್ಲಿ ದೇವರ ಹೆಸರು ಹೇಳುತ್ತಾ, ನಾಲ್ಕು ಜನ ಹಿಡಿದುಕೊಂಡ ಮೈಮೇಲೆ ಅದನ್ನಿಡುತ್ತಿದ್ದಳು. ಚುಂಯ್ ಎಂದು ಸದ್ದು, ಸುಟ್ಟ ಮಾಂಸದ ವಾಸನೆ, ಒಂದು ಚೀರು. ಆಮೇಲೆ ಅದೇ ಕೈಯಿಂದ ಬೆಣ್ಣೆ ಸವರಿ ತಲೆ ನೇವರಿಸುತ್ತಿದ್ದಳು. ಜನ ಅವಳ ಕಾಲಿಗೆ ಬಿದ್ದು ಹೋಗುತ್ತಿದ್ದರು.

ಹುಲಿಗವ್ವ ದೊಡ್ಡವಳಾದ ವರ್ಷವೇ ತಿಂಗಳು ತಿಂಗಳು ಹೊಟ್ಟೆಯೊಳಗೆ ಕೊಯ್ಯುವಂಥ ನೋವು ಶುರುವಾಯಿತು. ತಾಯಿ ಒಂದು ಬರೆ ಹಾಕಿದಳು. ಮರುತಿಂಗಳು ಎರಡನೆಯದು. ಅದರ ಮರುತಿಂಗಳು ಮೂರನೆಯದು. ಅದು ಹುಣ್ಣಾಗಿ, ಹುಡುಗಿ ಬಾಳೆಲೆಯ ಮೇಲೆ ಅಂಗಾತ ಮಲಗಿ ನೊಣ ಓಡಿಸುತ್ತಾ ದಿನ ಕಳೆದಳು. ನಾಲ್ಕನೇ ತಿಂಗಳು ನೋವು ಹಿಂದೆಂದಿಗಿಂತ ಜೋರಾಗಿ ಬಂತು. ಅಂಗಳದಲ್ಲಿ ಕುಳ್ಳು ಆಗಲೇ ಹೊತ್ತಿಕೊಂಡಿತ್ತು. ತಾಯಿ ಬಂದು ಕೇಳಿದಳು, "ಹೆಂಗೈತಿ ನನ್ನ ಕೂಸ?"

"ಹೋತವಾ. ಪೂರಾ ಹೋಗೇಬಿಡ್ತು," ಎಂದಳು ಹುಡುಗಿ. ಎಂದು ಸುಮ್ಮನಾಗಲಿಲ್ಲ. ಕೊಡ ತೆಗೆದುಕೊಂಡು ನಗುನಗುತ್ತಾ ನೀರಿಗೆ ಹೋದಳು. ಬರುವಾಗ ದನದ ಕೊಟ್ಟಿಗೆಯಲ್ಲಿ ಕೂತು, ಸೆರಗನ್ನು ಬಾಯಿಗೆ ತುರುಕಿಕೊಂಡು, ಆಕಳ ಕಾಲು ತಬ್ಬಿಕೊಂಡು ಒದ್ದಾಡಿದಳು. ಆಕಳು ಯಾರಿಗೂ ಹೇಳಲಿಲ್ಲ.

ಅಲ್ಲಿಂದಲೇ ನೋಡಿ ಅನಾಹುತ ಶುರುವಾದದ್ದು. ಹೊಟ್ಟೆನೋವಿನ ಹುಡುಗಿಯರು ಅಂಗಳಕ್ಕೆ ಬಂದು ಹೆದರಿ ಅತ್ತರೆ ಮುದಕಮ್ಮ ಮಗಳನ್ನು ಕರೆಯುತ್ತಿದ್ದಳು. "ನನ್ನ ಮಗಳ ಹೊಟ್ಟಿ ನೋಡ್ರಿ. ಮೂರ ಬರೀಲೇ ಬ್ಯಾನಿ ಓಡಿಹೋತು. ಹಡದಾಕಿ ತನ್ನ ಮಗಳಿಗೆ ಸುಳ್ಳ ಮದ್ದು ಮಾಡ್ತಾಳೇನು?" ಹುಲಿಗವ್ವ ಲಂಗ ಜಗ್ಗಿ ಬರೆ ತೋರಿಸುತ್ತಿದ್ದಳು. ಆ ಹುಡುಗಿಯರು ಅವಳ ಹೊಟ್ಟೆ ನೋಡಿ ಧೈರ್ಯ ತಂದುಕೊಂಡು ಮಲಗುತ್ತಿದ್ದರು. ಅವರ ಚೀರಾಟ ಕೇಳಲಾಗದೆ ಇವಳು ಕಾಲುವೆಯ ಕಡೆ ಓಡುತ್ತಿದ್ದಳು. ಹಾಗೆ ಎಷ್ಟು ಹುಡುಗಿಯರೋ, ಲೆಕ್ಕ ಹಾಕುವ ಧೈರ್ಯ ಅವಳಿಗೆ ಯಾವತ್ತೂ ಆಗಲಿಲ್ಲ.

ನುಂಗಿದ ನೋವು ಎಲ್ಲಿ ಹೋಗುತ್ತದೆ? ಕೈಗೆ ಇಳಿಯುತ್ತದೆ. ಹುಲಿಗವ್ವನಿಗೆ ಮಾತಿಗಿಂತ ಕೈ ಮುಂದಾದದ್ದು ಹೀಗೆ. ಮದುವೆಯ ಹೊಸತರಲ್ಲಿ ಗಂಡ ಗೋವಿಂದರಾಜ, "ತಿಂಗಳಿಗೊಮ್ಮಿ ನಿಂದೇನ ಈ ನಾಟಕ?" ಎಂದು ಒಂದು ಏಟು ಹಾಕಿದ್ದ. ಅವಳು ಎದ್ದು ಒನಕೆಯಿಂದ ಅವನ ಮುಂಗೈ ಮುರಿದಳು. ಯಲಬುರ್ಗಾದ ಟೇಲರ್ ಅವನು. ಆ ದೀಪಾವಳಿಗೆ ಊರಿನ ಅರ್ಧ ಜಂಪರುಗಳು ಹೊಲಿಯದೆ ಉಳಿದವು. ಆಮೇಲೆ ಗಂಡ ಹೆಂಡತಿ ನಡುವೆ ಒಂದು ಬಗೆಯ ಮರ್ಯಾದೆ ಬೆಳೆಯಿತು, ಪ್ರೀತಿಯೂ ಬಂತು. ಆದರೆ ತಿಂಗಳ ಆ ದಿನಗಳಲ್ಲಿ ತಾಟು, ಚಂಬು, ಬಾಚಣಿಗೆ ಯಾವುದು ಯಾವ ದಿಕ್ಕಿನಿಂದ ಹಾರಿ ಬರುತ್ತದೆಂದು ಅವನಿಗೆ ಗೊತ್ತಾಗುತ್ತಿರಲಿಲ್ಲ.

ಡಾಕ್ಟರಮ್ಮ ಸುಮ್ಮನೆ ಬಿಡಲಿಲ್ಲ. ಹುಬ್ಬಳ್ಳಿಗೆ ಕಳಿಸಿ, ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸಿ ನೋಡಿಸಿದಳು. ಕಾಯಿಲೆಗೆ ಹೆಸರು ಸಿಕ್ಕಿತು: ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಗಿರಬೇಕಾದಂಥ ಪದರ ಹೊರಗೆಲ್ಲೆಲ್ಲೋ ಬೆಳೆದು, ತಿಂಗಳು ತಿಂಗಳು ಅಲ್ಲಿಯೂ ರಕ್ತ ಒಸರಿ, ಒಳಗಿನ ಅಂಗಗಳನ್ನು ಒಂದಕ್ಕೊಂದು ಅಂಟಿಸಿಬಿಟ್ಟಿತ್ತು. "ಇದು ನಿಮ್ಮ ಮನಸ್ಸಿನ ಭ್ರಮೆ ಅಲ್ಲ. ನಾಟಕ ಅಲ್ಲ," ಎಂದಳು ಡಾಕ್ಟರಮ್ಮ. ಹುಲಿಗವ್ವ ಗಂಡನ ಕಡೆ ತಿರುಗಿ, "ಕೇಳಿದಿಲ್ಲೋ?" ಎಂದಳು. ಗೋವಿಂದರಾಜ ತನ್ನ ಮುಂಗೈ ಸವರಿಕೊಂಡ.

ಕೈಲಾದಷ್ಟು ಕತ್ತರಿಸಿ ತೆಗೆದರು, ಗುಳಿಗೆ ಕೊಟ್ಟರು. ಪೂರ್ತಿ ಹೋಗುವ ರೋಗ ಇದಲ್ಲ, ನೋವಿನ ಜೊತೆ ಬಾಳುವುದನ್ನೂ ಕಲಿಯಬೇಕು ಎಂದು ಹೇಳಿ ಡಾಕ್ಟರಮ್ಮ ಅವಳನ್ನು ಒಂದು ಆನ್‌ಲೈನ್ ತರಗತಿಗೆ ಸೇರಿಸಿದಳು. ಅದನ್ನು ಧಾರವಾಡದಿಂದ ನಡೆಸುತ್ತಿದ್ದವಳು ರೂಪಾ ಎಂಬ ಫಿಸಿಯೋಥೆರಪಿ ಮೇಡಂ. ಇದೇ ಕಾಯಿಲೆಯ ಹೆಂಗಸರು ಬೇರೆ ಬೇರೆ ಊರುಗಳಿಂದ ವಾರಕ್ಕೊಮ್ಮೆ ಫೋನಿನ ಪರದೆಯ ಮೇಲೆ ಸೇರುತ್ತಿದ್ದರು. ಉಸಿರಾಟ, ಮೈ ಸಡಿಲಿಸುವ ವ್ಯಾಯಾಮ, ಯಾವಾಗ ಗುಳಿಗೆ, ಯಾವಾಗ ಬಿಸಿನೀರಿನ ಚೀಲ, ಗಂಡನಿಗೆ ಏನು ಹೇಳಬೇಕು, ಅತ್ತೆಗೆ ಹೇಗೆ ಹೇಳಬೇಕು, ಎಲ್ಲವನ್ನೂ ಅಲ್ಲಿ ಕನ್ನಡದಲ್ಲೇ ಹೇಳಿಕೊಡುತ್ತಿದ್ದರು.

ಮೊದಲ ದಿನ ಗೋವಿಂದರಾಜ ದಾರದುಂಡೆಯ ಡಬ್ಬಿಗೆ ಫೋನು ಆನಿಸಿ ಇಟ್ಟ. ಹುಲಿಗವ್ವ ಚಾಪೆಯ ಮೇಲೆ ಅಂಗಾತ ಮಲಗಿದಳು. "ಎಲ್ಲಾರೂ ಅಂಗೈ ತಗೊಂಡು ಹೊಟ್ಟಿ ಮ್ಯಾಲ ಇಡ್ರಿ, ಮೆತ್ತಗ," ಎಂದಳು ರೂಪಾ. ಎಲ್ಲರೂ ಇಟ್ಟರು. ಹುಲಿಗವ್ವನ ಕೈ ಗಾಳಿಯಲ್ಲೇ ನಿಂತಿತು. ಆ ಮೂರನೇ ಬರೆಯ ನಂತರ ಅವಳು ತನ್ನ ಹೊಟ್ಟೆಯನ್ನು ಅಂಗೈಯಿಂದ ಮುಟ್ಟಿಯೇ ಇರಲಿಲ್ಲ. ಮುಷ್ಟಿಯಿಂದ ಗುದ್ದಿದ್ದಳು, ಅಷ್ಟೇ. ಸ್ನಾನಕ್ಕೆ ಕೂತರೂ ಅಲ್ಲಿ ನೀರು ಸುರಿದುಕೊಳ್ಳುವಳೇ ಹೊರತು ಉಜ್ಜುತ್ತಿರಲಿಲ್ಲ. ಮೈಯೆಲ್ಲ ಬೆಂಕಿಯಾಯಿತು. ಎದ್ದವಳೇ ಫೋನಿಗೆ ಜಾಡಿಸಿ ಒದ್ದಳು. ಪರದೆ ಸೀಳಿತು. ಒಳಗಿದ್ದ ಹೆಂಗಸರು ಯಲಬುರ್ಗಾದ ಬೈಗುಳಗಳನ್ನು ಸವಿಸ್ತಾರವಾಗಿ ಕೇಳಿಸಿಕೊಂಡರು.

ಮರುದಿನ ಆ ಗುಂಪಿನ ನಿಶಾತ ಎಂಬ ಗಂಗಾವತಿಯ ಹೆಂಗಸಿನಿಂದ ಧ್ವನಿಸಂದೇಶ ಬಂತು: "ಅಕ್ಕಾ, ನಾ ಮೊದಲನೇ ದಿನ ಫೋನ್ ತಗೊಂಡು ಬಕೆಟ್ಟಿನ್ಯಾಗ ಮುಳುಗಿಸಿದ್ದೆ. ನೀವು ಬರೇ ಒದ್ದೀರಿ, ಭಾಳ ಛಲೋರಿ ನೀವು. ಮುಂದಿನ ವಾರ ಬರ್ರಿ." ಹುಲಿಗವ್ವ ಗಂಟೆಗಟ್ಟಲೆ ಒಬ್ಬಳೇ ನಕ್ಕಳು. ಮುಂದಿನ ವಾರ ಹೋದಳು.

ಪ್ರತಿ ತರಗತಿಯ ಆರಂಭದಲ್ಲಿ ಒಂದು ಪದ್ಧತಿಯಿತ್ತು. ನೋವು ಇಲ್ಲವೇ ಇಲ್ಲ ಎಂದರೆ ಸೊನ್ನೆ, ತಡೆಯಲಾಗದ್ದು ಎಂದರೆ ಹತ್ತು. ನಡುವೆ ಇವತ್ತು ನಿನ್ನದೆಷ್ಟು ಎಂದು ಎಲ್ಲರ ಎದುರು ಬಾಯಿಬಿಟ್ಟು ಹೇಳಬೇಕು. ಹುಲಿಗವ್ವ ಯಾವಾಗಲೂ "ಎರಡು" ಎನ್ನುತ್ತಿದ್ದಳು. ಒಂದು ದಿನ ರೂಪಾ, "ಎರಡು ಇದ್ದಾವರು ಹಂಗ ದವಡಿ ಕಚ್ಚಿ ಕುಂದ್ರಂಗಿಲ್ಲ ಹುಲಿಗವ್ವ. ಇಲ್ಲಿ ನಿಮಗ ಯಾರೂ ಏನೂ ಮಾಡಂಗಿಲ್ಲ. ಖರೇ ಹೇಳ್ರಿ," ಎಂದಳು. ಹುಲಿಗವ್ವ ಕಚ್ಚಿದ್ದ ದವಡೆ ಸಡಿಲಿಸಿ, "ಎಂಟು," ಎಂದಳು. ಹೇಳಿ ಬಾಗಿಲ ಕಡೆ ನೋಡಿದಳು. ಯಾರೂ ಬೆಂಕಿ ಹೊತ್ತಿಸಲಿಲ್ಲ. ಅವತ್ತು ಅವಳು ಅತ್ತ ಅಳುವಿಗೆ ಗೋವಿಂದರಾಜ ಹೊಲಿಗೆ ಯಂತ್ರ ನಿಲ್ಲಿಸಿ ಬಂದು ಪಕ್ಕದಲ್ಲಿ ಕೂತ.

ಫೋನಿನ ತರಗತಿಯಿಂದ ಪವಾಡವೇನೂ ಆಗಲಿಲ್ಲ. ನೋವು ಬರುತ್ತಲೇ ಇತ್ತು. ಆದರೆ ಅದು ಬರುವ ದಾರಿ ಅವಳಿಗೆ ಗೊತ್ತಾಗತೊಡಗಿತು. ಮೊದಲೇ ಗುಳಿಗೆ ನುಂಗಿ, ಖಾಕಿಯ ಒಳಗೆ ಬಿಸಿನೀರಿನ ಚೀಲ ಕಟ್ಟಿಕೊಂಡು, ಬಸ್ಸಿನ ಕುಲುಕಾಟದಲ್ಲೂ ಹೊಟ್ಟೆಯಾಳದಿಂದ ಉಸಿರೆಳೆದು ಬಿಡುವುದನ್ನು ಕಲಿತಳು. ಕೊಪ್ಪಳ ರಸ್ತೆಯ ಪ್ರಯಾಣಿಕರ ಮೂಗುಗಳು ಸುರಕ್ಷಿತವಾಗಿ ಉಳಿದವು. ಹೊಟ್ಟೆಯ ಮೇಲೆ ಅಂಗೈ ಇಡುವುದೊಂದು ಮಾತ್ರ ಆಗಲಿಲ್ಲ.

ಹೀಗಿರುವಾಗ ತಾಯಿಯ ಫೋನು ಬಂತು. ಹುಲಿಗವ್ವನ ಅಣ್ಣ, ಅತ್ತಿಗೆ ಗೋವಾಕ್ಕೆ ದುಡಿಯಲು ಹೋಗಿ ಮಗಳು ಅನುಷಾಳನ್ನು ಮುದಕಮ್ಮನ ಬಳಿ ಬಿಟ್ಟಿದ್ದರು. ಹೈಸ್ಕೂಲು ಹುಡುಗಿ.

"ಅನುಷಾಗೂ ನಿನಗ ಬಂದಂಗ ಬಂದೈತಿ," ಎಂದಳು ಮುದಕಮ್ಮ. "ಸಾಲಿ ಬಿಟ್ಟು ನೆಲಾ ಹಿಡದಾಳ. ನಾಳಿ ಅಮಾಸಿ, ಬರಿ ಹಾಕಿಬಿಡ್ತೀನಿ. ಹುಡುಗಿ ಭಾಳ ಅಂಜೈತಿ. ನೀ ಬಂದು ಹೊಟ್ಟಿ ತೋರಿಸಿ ಒಂದ ಮಾತ ಹೇಳು."

"ಬ್ಯಾಡವಾ! ನಾ ದವಾಖಾನಿಗೆ ಕರ್ಕೊಂಡ ಹೋಗ್ತೀನಿ."

"ನಿನಗ್ಯಾವ ದವಾಖಾನಿ ಬೇಕಾಗಿತ್ತ? ಬರೀಲೇ ಹೋಗಲಿಲ್ಲೇನು?"

ಹುಲಿಗವ್ವ ಬಾಯಿ ತೆರೆದಳು. ಹುಬ್ಬಳ್ಳಿಯ ಆಪರೇಷನ್ನನ್ನೂ ಮಕ್ಕಳಾಗಲೆಂದು ಮಾಡಿಸಿದ್ದು ಎಂದೇ ತಾಯಿಗೆ ಹೇಳಿದ್ದಳು. ಅಷ್ಟು ದೊಡ್ಡ ಬಸ್ಸನ್ನು ಒಂದು ಕೂಗಿಗೆ ನಿಲ್ಲಿಸುವ ಹೆಂಗಸಿಗೆ ಅವ್ವನ ಮುಂದೆ ಒಂದು ಮಾತು ಹೊರಡಲಿಲ್ಲ. ಫೋನು ಕಟ್ಟಾಯಿತು.

ರಜೆ ಕೇಳಿದಳು, ಸಿಗಲಿಲ್ಲ. "ನೀ ನಡಿ ತಂಗಿ. ಕೇಳಿದ್ರ ನಾ ಹೇಳ್ತೀನಿ," ಎಂದ ಬಾಬಾಸಾಬ. ಬೆಳಿಗ್ಗೆ ಖಾಕಿಯಲ್ಲೇ ಮೊದಲ ಬಸ್ಸು ಹತ್ತಿದಳು. ಅವಳಿಗೂ ಅವತ್ತೇ ತಿಂಗಳ ನೋವು ಶುರುವಾಗಿತ್ತು. ಕುಷ್ಟಗಿ ದಾಟುವಷ್ಟರಲ್ಲಿ ಗುಳಿಗೆಯ ಕಸುವು ಇಳಿಯಿತು, ತಾವರಗೇರಾದಲ್ಲಿ ಚೀಲದ ನೀರು ತಣ್ಣಗಾಯಿತು. ಕನಕಗಿರಿಯಲ್ಲಿ ಕಂಬ ಹಿಡಿದು ಹಿಡಿದು ನಡೆದು ಬಸ್ಸು ಬದಲಿಸಿದಳು. ಹುಡುಗಿಯ ಹೊಟ್ಟೆಗೆ ಕುಡಗೋಲು ಮುಟ್ಟುವುದರೊಳಗೆ ತಲುಪಬೇಕು ಎಂಬುದೊಂದೇ ತಲೆಯಲ್ಲಿತ್ತು.

ಅಂಗಳದಲ್ಲಿ ಜನ ತುಂಬಿದ್ದರು. ಕುಳ್ಳಿನ ಬೆಂಕಿಯಲ್ಲಿ ಕುಡಗೋಲು ಕೆಂಪಗಾಗಿತ್ತು. ಕಟ್ಟೆಯ ಮೇಲೆ ಅನುಷಾಳನ್ನು ಮಲಗಿಸಿ, ಓಣಿಯ ಹೆಂಗಸರು ಕೈಕಾಲು ಅದುಮಿ ಹಿಡಿದಿದ್ದರು. ಅವಳ ಬಾಯಿಯಲ್ಲಿ ಬಟ್ಟೆ. ಮಗಳನ್ನು ಕಂಡು ಮುದಕಮ್ಮನ ಮುಖ ಅರಳಿತು.

"ಬಂದಳು ನೋಡ್ರಿ ನನ್ನ ಮಗಳು! ತೋರಸವಾ ಹೊಟ್ಟಿ. ಹೇಳ ಈ ಹುಡುಗಿಗೆ."

"ಹೋಗಿಲ್ಲ," ಎಂದಳು ಹುಲಿಗವ್ವ.

"ಏನು?"

"ಬ್ಯಾನಿ ಹೋಗಿಲ್ಲವಾ! ಬಿಡ್ರಿ ಆ ಹುಡುಗಿನ್ನ!"

ಜನರಲ್ಲಿ ಗುಜುಗುಜು ಎದ್ದಿತು. ಮುದಕಮ್ಮನ ಮುಖ ಕಪ್ಪಿಟ್ಟಿತು. ಅಷ್ಟು ಜನರ ಮುಂದೆ ಹೊಟ್ಟೆಯಲ್ಲಿ ಹುಟ್ಟಿದವಳೇ ಹೀಗೆಂದರೆ ಅವಳು ತಲೆಯೆತ್ತಿ ತಿರುಗುವುದು ಹೇಗೆ? "ಇಕಿಗೆ ಬುದ್ಧಿ ಭ್ರಮಣಿ ಆಗೈತಿ. ಗಟ್ಟಿ ಹಿಡೀರಿ ಹುಡುಗಿನ್ನ," ಎಂದು ಕುಡಗೋಲು ಎತ್ತಿಕೊಂಡಳು.

ಆಮೇಲೆ ನಡೆದದ್ದನ್ನು ಆ ಊರು ಇವತ್ತಿಗೂ ಮಾತಾಡುತ್ತದೆ. ಹುಲಿಗವ್ವ ಬೆಂಕಿಯನ್ನು ಒದ್ದಳು. ಕೆಂಡ ಹಾರಿ ಜನ ಚೆಲ್ಲಾಪಿಲ್ಲಿಯಾದರು. ಅಡ್ಡ ಬಂದವಳ ತುರುಬು ಹಿಡಿದು ಎಳೆದು ಕಟ್ಟೆಯಿಂದ ಕೆಡವಿದಳು. ಅನುಷಾಳ ತೋಳು ಹಿಡಿದಿದ್ದ ಮುಂಗೈಯನ್ನು ರಕ್ತ ಬರುವ ಹಾಗೆ ಕಚ್ಚಿದಳು. ಯಾರೋ ಬೆನ್ನಿಗೆ ಗುದ್ದಿದರು, ಯಾರೋ ಕಿಬ್ಬೊಟ್ಟೆಗೇ ಒದ್ದರು. ಕಣ್ಣು ಕತ್ತಲೆ ಬಂದು ಮೊಣಕಾಲೂರಿದವಳಿಗೆ ಕಂಡದ್ದು ಕೆಳಗಿಳಿಯುತ್ತಿದ್ದ ಕೆಂಪು ತುದಿಯೊಂದೇ. ಅವಳು ಕೈ ಚಾಚಿ ಅದನ್ನು ಬರಿಗೈಯಲ್ಲಿ ಹಿಡಿದುಕೊಂಡಳು.

ಚುಂಯ್ ಎಂದಿತು. ಅದೇ ಹಳೆಯ ವಾಸನೆ ಬಂತು. ತಾಯಿ ಎಳೆದಳು, ಮಗಳು ಬಿಡಲಿಲ್ಲ. ಮುಖಕ್ಕೆ ಮುಖ ಕೊಟ್ಟು ಇಬ್ಬರೂ ಜಗ್ಗಾಡಿದರು. ಕಡೆಗೆ ಹುಲಿಗವ್ವ ಅದನ್ನು ಕಿತ್ತುಕೊಂಡು ಗೋಡೆಯಾಚೆಯ ಗದ್ದೆಯ ನೀರಿಗೆ ಎಸೆದಳು. ಎಸೆದು, ಎಡಗೈಯಿಂದ ಹೆತ್ತ ತಾಯಿಯ ಕೆನ್ನೆಗೆ ಬಾರಿಸಿದಳು. ಮುದಕಮ್ಮ ಒರಳಕಲ್ಲಿನ ಬಳಿ ಬಿದ್ದಳು.

"ಹೆಂಗೈತಿ ಅಂತ ಕೇಳಿದ್ದೆಲ್ಲ ಅವತ್ತು?" ಹುಲಿಗವ್ವ ಬಸ್ಸು ನಿಲ್ಲಿಸುವ ದನಿಯಲ್ಲಿ ಕೂಗಿದಳು. "ಹತ್ತು ಇತ್ತವಾ! ಹತ್ತಕ್ಕ ಹತ್ತು! ನಿನ್ನ ಕುಡಗೋಲಿಗೆ ಅಂಜಿ ಹೋತು ಅಂದೆ. ಇವತ್ತಿಗೂ ಹೋಗಿಲ್ಲ. ನನ್ನ ಹೊಟ್ಟಿ ತೋರಿಸಿ ಎಷ್ಟ ಹುಡುಗೇರನ್ನ ಸುಟ್ಟಿದೀವಿ ನಾವು!"

ಮುದಕಮ್ಮ ತುಟಿಯ ರಕ್ತವನ್ನು ಒರೆಸಿಕೊಳ್ಳಲಿಲ್ಲ. ಮಗಳನ್ನೇ ದಿಟ್ಟಿಸಿದಳು. ಆಮೇಲೆ ಕೂತಲ್ಲಿಂದಲೇ ತನ್ನ ಸೀರೆಯ ನಿರಿಗೆಯನ್ನು ನಿಧಾನವಾಗಿ ಕೆಳಗೆ ಜಗ್ಗಿದಳು. ಸುಕ್ಕುಗಟ್ಟಿದ ಹೊಟ್ಟೆಯ ಮೇಲೆ, ಸುಕ್ಕಿನ ನಡುವೆ ಸುಕ್ಕಿನಂತೆಯೇ ಕಾಣುವ, ಹಳೆಯ ಬರೆಗಳಿದ್ದವು. ಮಗಳು ಅವನ್ನು ಅದುವರೆಗೆ ನೋಡಿಯೇ ಇರಲಿಲ್ಲ.

"ನಮ್ಮವ್ವ ಹಾಕಿದ್ದು," ಎಂದಳು ಮುದಕಮ್ಮ. "ನಾನೂ ಹೋತು ಅಂದಿದ್ದೆ."

"ಗೊತ್ತಿದ್ದೂ ನನಗ ಹಾಕಿದಿ?" ಹುಲಿಗವ್ವನ ಕೈ ಮತ್ತೆ ಮೇಲೆದ್ದಿತು.

"ಎಲ್ಲಾರಿಗೂ ಹೋಗತೈತಿ, ನನಗೊಬ್ಬಾಕಿಗೆ ಹತ್ತಲಿಲ್ಲ ಅಂತ ತಿಳದಿದ್ದೆ. ನನ್ನ ಮೈಯಾಗ ಏನೋ ಪಾಪ ಐತಿ ಅಂತ." ಮುದಕಮ್ಮ ನಿರಿಗೆಯನ್ನು ಮತ್ತೆ ಸಿಕ್ಕಿಸಿಕೊಂಡಳು. "ನಿನಗ ಹೋತು ಅಂದಾಗ ನನಗೆಷ್ಟ ಸಂತೋಷ ಆಗಿತ್ತ ಗೊತ್ತೇನು? ಹಳ್ಳಕ್ಕ ಹೋಗಿ ಒಬ್ಬಾಕೀನ ಕುಂತು ಅತ್ತಿದ್ದೆ."

ಅನುಷಾಳ ಕಾಲು ಹಿಡಿದಿದ್ದ ಹೆಂಗಸು ಕೈ ಬಿಟ್ಟು, ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ನನಗೂ ಹೋಗಿಲ್ಲಬೇ ಮುದಕಮ್ಮ," ಎಂದಳು. ಮಗಳನ್ನು ಕರೆತಂದಿದ್ದ ಇನ್ನೊಬ್ಬಳು ಹುಡುಗಿಯ ರಟ್ಟೆ ಹಿಡಿದು ಎಬ್ಬಿಸಿಕೊಂಡು ಟಂಟಂ ಕಡೆ ನಡೆದಳು.

ಹುಲಿಗವ್ವನಿಗೆ ತಾಯಿಗೆ ಇನ್ನೊಂದು ಬಾರಿಸಬೇಕೆನ್ನಿಸಿತು. ತಬ್ಬಿಕೊಂಡು ಗೋಳೋ ಎಂದು ಅಳಬೇಕೆಂದೂ ಅನ್ನಿಸಿತು. ಎರಡನ್ನೂ ಮಾಡಲಾಗದೆ ಅನುಷಾಳ ಬಾಯಿಯ ಬಟ್ಟೆ ಕಿತ್ತು, ಅವಳನ್ನು ಎಬ್ಬಿಸಿಕೊಂಡು ಹೊರಟಳು. ಮುದಕಮ್ಮ ಕೂತಲ್ಲೇ ಕೂತಿದ್ದಳು.

ಕಾಲುವೆಯ ನೀರಿನಲ್ಲಿ ಕೈ ಅದ್ದಿಕೊಂಡು, ಅದಕ್ಕೆ ಒದ್ದೆ ಬಟ್ಟೆ ಸುತ್ತಿಕೊಂಡು, ಹುಡುಗಿಯ ಜೊತೆ ಬಸ್ಸು ಹತ್ತಿದಳು. ಕಂಡಕ್ಟರ್ ಹುಡುಗ ಬಂದು ಆಧಾರ್ ಕಾರ್ಡು ಕೇಳಿದವನು ಖಾಕಿ ನೋಡಿ, ಕೈ ನೋಡಿ, ಸುಮ್ಮನೆ ಮುಂದೆ ಹೋದ. ಅನುಷಾ ಮಡಚಿಕೊಂಡು ಕಿಟಕಿಗೆ ಒರಗಿದ್ದಳು. ಹುಲಿಗವ್ವ ಫೋನು ಮಾಡಿದ್ದರಿಂದ ಗಂಗಾವತಿಯ ಸ್ಟ್ಯಾಂಡಿನಲ್ಲಿ ನಿಶಾತ ಕಾಯುತ್ತಿದ್ದಳು. ಅವಳೇ ಇಬ್ಬರನ್ನೂ ಅಲ್ಲಿನ ಆಸ್ಪತ್ರೆಗೆ ಕರೆದೊಯ್ಯುವವಳಿದ್ದಳು.

"ಅತ್ತಿ," ಎಂದಳು ಅನುಷಾ ಮೆಲ್ಲಗೆ. "ಕೈ ಭಾಳ ಉರಿಯಾಕತ್ತೈತೇನು?"

ಇಲ್ಲ ಬಿಡವಾ ಎಂಬ ಮಾತು ಹುಲಿಗವ್ವನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಅಲ್ಲಿಯೇ ಕಚ್ಚಿ ಹಿಡಿದಳು.

"ಹತ್ತು," ಎಂದಳು. "ಹತ್ತಕ್ಕ ಹತ್ತು ಐತಿ ನನ್ನ ಕೂಸ." ಎಂದು ಬಸ್ಸಿನ ಜನರೆಲ್ಲ ತಿರುಗಿ ನೋಡುವಂತೆ ದನಿಯೆತ್ತಿ ಅತ್ತಳು. ಅಳು ನಿಂತ ಮೇಲೆ ಮೂಗು ಒರೆಸಿಕೊಂಡು ಸೊನ್ನೆಯಿಂದ ಹತ್ತರ ಲೆಕ್ಕವನ್ನು ಹುಡುಗಿಗೆ ಹೇಳಿಕೊಟ್ಟು ಕೇಳಿದಳು, "ನಿಂದೆಷ್ಟು?"

"ಮೂರು," ಎಂದಳು ಅನುಷಾ.

ಹುಲಿಗವ್ವ ಅವಳ ಮುಖವನ್ನೇ ನೋಡುತ್ತಾ ಕೂತಳು.

ಹುಡುಗಿ ತಲೆ ತಗ್ಗಿಸಿದಳು. "ಒಂಬತ್ತು, ಅತ್ತಿ."